ಕೆರೆಯ ಆಚೆ ದಡ

ಬೆಳಗಿನ ಐದೂವರೆ. ವಿಮಾನ ನಿಲ್ದಾಣದ ರಸ್ತೆಯಲ್ಲಿ ಬಸ್ಸುಗಳ ಸದ್ದು ಆಗಲೇ ಶುರುವಾಗಿದೆ. ಕೆಂಪಾಪುರದ ಸಣ್ಣದೊಂದು ನರ್ಸಿಂಗ್ ಹೋಮಿನ ಮೊದಲ ಮಹಡಿಯಲ್ಲಿ ಮುನಿಕೃಷ್ಣಮ್ಮ ಒಬ್ಬ ಅಜ್ಜಿಯ ಮಣಿಕಟ್ಟು ಹಿಡಿದು ನಿಂತಿದ್ದಾರೆ. ಕಣ್ಣು ಎದೆಗೆ ತಲೆಕೆಳಗಾಗಿ ಸಿಕ್ಕಿಸಿಕೊಂಡ ಪುಟ್ಟ ಗಡಿಯಾರದ ಮೇಲೆ. ತುಟಿ ಬಿಗಿದಿದೆ. ನಾಡಿ ಎಣಿಸುವಾಗ ನರ್ಸು ಮಾತಾಡುವುದಿಲ್ಲ, ಮಾತಾಡಿದರೆ ಲೆಕ್ಕ ತಪ್ಪುತ್ತದೆ. ಹೊಸ ರೋಗಿಗಳು ಇದನ್ನು ಸಿಡುಕು ಎಂದುಕೊಳ್ಳುತ್ತಾರೆ. ಉಬ್ಬಸಕ್ಕೆಂದು ಸೇರಿ ಒಂದು ವಾರ ಕಳೆದಿರುವ ಈ ಅಜ್ಜಿ, ಸೊಣ್ಣಮ್ಮನಿಗೆ ಮಾತ್ರ ಎಲ್ಲ ಗೊತ್ತು.

"ಎಣ್ಸಾಯ್ತೇನವ್ವ? ಈಗ ಮಾತಾಡ್ಲಾ?"

"ಆಯ್ತು ಅಜ್ಜಿ. ಚೆನ್ನಾಗಿದೆ. ಇವತ್ತು ಮನೆಗೆ ಹೋಗ್ತೀರ."

"ಅದೇ, ನನ್ ಮದ್ವೆ ದಿನ ಕೆರೆ ಕೋಡಿ ಬಿತ್ತು ಅಂದ್ನಲ್ಲ, ಗಂಡಿನ ಕಡೆಯೋರೆಲ್ಲ ಆ ದಡದಾಗೇ..."

ಅಷ್ಟರಲ್ಲಿ ಮೂಲೆಯ ಹಾಸಿಗೆಯಿಂದ ಕರೆಗಂಟೆ. "ಬಂದೆ ಇರಿ ಅಜ್ಜಿ," ಎಂದು ಮುನಿಕೃಷ್ಣಮ್ಮ ಓಡುತ್ತಾರೆ. ದಿನವೂ ಇದೇ ಪಾಡು. ಒಂದು ವಾರದಿಂದ ಮದುವೆ ಗಂಡು ಕೆರೆಯ ಆಚೆ ದಡದಲ್ಲೇ ನಿಂತಿದ್ದಾನೆ.

ರಾತ್ರಿ ಪಾಳಿಯಲ್ಲಿ ಇಪ್ಪತ್ತು ಹಾಸಿಗೆಗೆ ಇವರೊಬ್ಬರೇ. ಯಲಹಂಕದ ಪುಟ್ಟೇನಹಳ್ಳಿಯ ಹಳೆಯ ಒಕ್ಕಲು ಮನೆತನದವರು. ದಾಯಾದಿಗಳೆಲ್ಲ ಹೊಲ ಮಾರಿ ಬಿಲ್ಡರುಗಳಾದರು. ಈಕೆ ಮಾತ್ರ ನರ್ಸಿಂಗ್ ಓದುತ್ತೇನೆ ಎಂದಾಗ ಮನೆಯವರು ಮುಖ ಸಿಂಡರಿಸಿದರು. "ನಮ್ಮನೆ ಹುಡ್ಗಿ ಕಂಡೋರ ಹೇಲು ಬಳಿಯೋದಾ ಅಂದ ನಮ್ಮಣ್ಣ. ಅವನಿಗೆ ಆಪರೇಷನ್ ಆದಾಗ ಬಳಿದಿದ್ದು ನಾನೇ," ಎಂದು ನಗುತ್ತಾರೆ. ಆ ನಗುವಿನಲ್ಲಿ ಸೇಡಿಲ್ಲ, ಸುಸ್ತಿದೆ.

ಎದೆಯ ಮೇಲಿನ ಗಡಿಯಾರ ಐರ್ಲೆಂಡಿನದು. ಮೊದಲು ಜೊತೆಯಲ್ಲಿ ರಾತ್ರಿ ಪಾಳಿ ಮಾಡುತ್ತಿದ್ದ ಸರಳಾ ಕಳಿಸಿದ್ದು. ಇಬ್ಬರೂ ಒಟ್ಟಿಗೆ ಹೋಗೋಣ ಎಂದು ಮಾತಾಡಿಕೊಂಡಿದ್ದರು. ಸರಳಾ ಹೋದರು, ಇವರು ಉಳಿದರು. ಗಲ್ಫ್, ಜರ್ಮನಿ, ಇಂಗ್ಲೆಂಡ್ ಎಂದು ದಾರಿಗಳೇನೋ ಹಲವಿವೆ. ಏಜೆಂಟರನ್ನು ಕೇಳಿದರೆ ಅಡ್ಡಗೋಡೆಯ ಮೇಲೆ ದೀಪವಿಟ್ಟ ಹಾಗೆ ಮಾತಾಡುತ್ತಾರೆ. ಜರ್ಮನಿಗಾದರೆ ಜರ್ಮನ್ ಕಲಿಯಬೇಕು. ಐರ್ಲೆಂಡಿಗಾದರೆ ಅಲ್ಲಿನ ನರ್ಸಿಂಗ್ ಕೌನ್ಸಿಲು ಇವರ ಓದು, ಅನುಭವ ಎರಡನ್ನೂ ಒಪ್ಪಬೇಕು, ಇಂಗ್ಲಿಷ್ ಪರೀಕ್ಷೆ ಪಾಸಾಗಬೇಕು, ಆಸ್ಪತ್ರೆಯೊಂದು ಕೆಲಸ ಕೊಡಬೇಕು. ವೀಸಾದ ಮಾತು ಅದಾದ ಮೇಲೆ. ಮುನಿಕೃಷ್ಣಮ್ಮ ಸಿಕ್ಕಿಕೊಂಡಿರುವುದು ಇಂಗ್ಲಿಷಿನಲ್ಲಿ.

ಓದುವುದು, ಬರೆಯುವುದು, ಕೇಳಿಸಿಕೊಳ್ಳುವುದು ಮೂರೂ ಪಾಸು. ಉಳಿದದ್ದು ಮಾತು. ಎದುರಿಗೆ ಒಬ್ಬರು ರೋಗಿಯಂತೆ ನಟಿಸುತ್ತಾರೆ, ನರ್ಸು ಅವರೊಡನೆ ಮಾತಾಡಿ ಸಮಾಧಾನ ಹೇಳಬೇಕು. ಕಳೆದ ಸಲ ರೋಗಿಯಾಗಿದ್ದ ಹೆಂಗಸು ಎದೆ ಮೇಲೆ ಕೈಯಿಟ್ಟು, ಎದೆ ಹೊಡೆದುಕೊಳ್ಳುತ್ತಿದೆ ಎಂದದ್ದೇ ತಡ, ಮುನಿಕೃಷ್ಣಮ್ಮ ಎದ್ದು ಹೋಗಿ ಅವರ ನಾಡಿ ಹಿಡಿದುಬಿಟ್ಟರು. ಹಿಡಿದ ಮೇಲೆ ಬಾಯಿ ಮುಚ್ಚಿತು. ಎದೆಯ ಗಡಿಯಾರವನ್ನು ಪರೀಕ್ಷೆಯವರು ಹೊರಗೇ ತೆಗೆಸಿದ್ದರಿಂದ ಗೋಡೆಯ ಗಡಿಯಾರ ನೋಡುತ್ತ ನಿಂತರು. ಮಾತಿನ ಪರೀಕ್ಷೆ ಮೌನದಲ್ಲೇ ಕಳೆಯಿತು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ.

"ನಿಜವಾಗ್ಲೂ ಜೋರಾಗೇ ಹೊಡ್ಕೊಳ್ತಿತ್ತು, ಪಾಪ," ಎನ್ನುತ್ತಾರೆ ಈಗಲೂ. "ಬೆಳಗ್ಗಿಂದ ಎಷ್ಟು ಜನರ ಮುಂದೆ ಕಾಯಿಲೆಯವರಾಗಿದ್ರೋ ಏನೋ."

ಬರುವ ಶನಿವಾರ ಮತ್ತೆ ಪರೀಕ್ಷೆ. ಆರ್.ಟಿ. ನಗರದಲ್ಲಿ ಇಂಗ್ಲಿಷ್ ಹೇಳಿಕೊಡುವ ಉಜೈರ್ ಅವರದು ಒಂದೇ ಮಂತ್ರ: "ಸಿಸ್ಟರ್, ಕೈ ಬಿಡಿ, ಬಾಯಿ ಬಿಡಿ." ಅದಕ್ಕೇ ಇವರು ಎರಡೂ ಅಂಗೈಗಳನ್ನು ತೊಡೆಯ ಕೆಳಗೆ ಅದುಮಿಕೊಂಡು ಕೂತು ಅಭ್ಯಾಸ ಮಾಡುತ್ತಾರೆ. ಮನೆಯಲ್ಲಿ ಮಗಳು ರಮ್ಯ ರೋಗಿಯಾಗುತ್ತಾಳೆ. "ಅಮ್ಮಾ, ಕೈ ಈಚೆ ಬಂತು ನೋಡು," ಎಂದು ಗದರುತ್ತಾಳೆ. ಗಂಡ ಸತೀಶ್ ಟ್ಯಾಕ್ಸಿ ಓಡಿಸುತ್ತಾರೆ, ದಿನಕ್ಕೆ ನಾಲ್ಕಾರು ಸಲ ವಿಮಾನ ನಿಲ್ದಾಣಕ್ಕೆ ಹೋಗಿ ಬರುತ್ತಾರೆ. "ಊರೋರ್ನೆಲ್ಲ ಬಿಟ್ಟು ಬಂದೆ ಕಣೇ, ನಿನ್ನೊಬ್ಬಳನ್ನ ಬಿಡೋದು ಬಾಕಿ," ಎಂದು ರೇಗಿಸುತ್ತಾರೆ.

ಇಷ್ಟು ಕಷ್ಟಪಟ್ಟು ಯಾಕೆ ಹೋಗಬೇಕು? ಹಾಗೆ ಕೇಳಿದರೆ ಮುನಿಕೃಷ್ಣಮ್ಮ ಹೇಳುತ್ತಾರೆ:

"ಸಂಬಳ ಜಾಸ್ತಿ, ಇಲ್ಲ ಅನ್ನಲ್ಲ. ಆದ್ರೆ ಸರಳಾ ಒಂದ್ ಮಾತು ಹೇಳಿದ್ಲು. ಅವಳಿರೋ ವಾರ್ಡಲ್ಲಿ ಒಬ್ಬ ನರ್ಸಿಗೆ ಐದಾರೇ ಪೇಷಂಟಂತೆ. ಕುರ್ಚಿ ಹಾಕ್ಕೊಂಡು ಪಕ್ಕ ಕೂತ್ಕೋಬೋದಂತೆ. ನಾನು ಇಷ್ಟು ವರ್ಷದಲ್ಲಿ ಒಬ್ರ ಪಕ್ಕ ಕೂತಿಲ್ಲ. ನಾಡಿ ಹಿಡಿದಾಗ ನಿಂತ್ಕೊತೀನಲ್ಲ, ಅಷ್ಟೇ ಹೊತ್ತು ನಾನು ಅವರಿಗೆ ಸಿಗೋದು. ಆಗ್ಲೂ ಬಾಯಿ ಮುಚ್ಕೊಂಡಿರ್ತೀನಿ. ಒಬ್ರ ಮಾತನ್ನಾದ್ರೂ ಪೂರ್ತಿ ಕೇಳ್ಬೇಕು ನಂಗೆ."

ಎಂಟು ಗಂಟೆಗೆ ಹಗಲು ಪಾಳಿಯ ನರ್ಸು ಬರುತ್ತಾರೆ. ಯಲಹಂಕದ ಬಸ್ಸಿಗೆಂದು ಚೀಲ ಹೆಗಲಿಗೇರಿಸಿದ ಮುನಿಕೃಷ್ಣಮ್ಮ ಬಾಗಿಲಲ್ಲೇ ನಿಲ್ಲುತ್ತಾರೆ. ಸೊಣ್ಣಮ್ಮ ಹೊಸ ಸೀರೆ ಉಟ್ಟು, ಮಗ ಬರುವುದನ್ನು ಕಾಯುತ್ತ ಕೂತಿದ್ದಾರೆ. ಇವರು ವಾಪಸು ಬಂದು ಸ್ಟೂಲು ಎಳೆದುಕೊಂಡು ಕೂರುತ್ತಾರೆ. ಅಂಗೈಗಳು ತಾವಾಗಿಯೇ ತೊಡೆಯ ಕೆಳಗೆ ಸೇರುತ್ತವೆ.

"ಈಗ ಹೇಳಿ ಅಜ್ಜಿ. ಬಸ್ಸು ಹೋದ್ರೆ ಇನ್ನೊಂದು ಬರುತ್ತೆ."

ಅಜ್ಜಿ ಮಣಿಕಟ್ಟು ಮುಂದೆ ಚಾಚುತ್ತಾರೆ.

"ಇಡ್ಕ ಮೊದ್ಲು."

"ಡ್ಯೂಟಿ ಮುಗೀತು ಅಜ್ಜಿ. ಬರೀ ಮಾತಾಡೋಣ. ಮುಟ್ಟದೆ ಇರೋದು ಕಲೀತಿದೀನಿ ನಾನು."

"ಮುಟ್ದೆ ಎಂಗವ್ವ ಮಾತಾಡದು?"

ಮುನಿಕೃಷ್ಣಮ್ಮ ಬಲಗೈಯನ್ನು ಈಚೆ ತೆಗೆಯುತ್ತಾರೆ. ಬೆರಳುಗಳು ಹಳೆಯ ಜಾಗಕ್ಕೇ ಹೋಗಿ ಕೂರುತ್ತವೆ. ಈ ಸಲ ಗಡಿಯಾರ ನೋಡುವುದಿಲ್ಲ, ತುಟಿಯನ್ನೂ ಬಿಗಿಯುವುದಿಲ್ಲ.

"ಸರಿ, ಹೇಳಿ. ದಾಟಿದ್ರಾ ಅವ್ರು?"

"ತಡ ಆಯ್ತು ಕಣವ್ವ," ಎಂದು ಸೊಣ್ಣಮ್ಮ ಶುರುಮಾಡುತ್ತಾರೆ.