ನಮ್ಮೂರ ಶಾಲೆಗೆ ನಿನ್ನನ್ನು ಕಳಿಸಿದವಳು

ಸುಜಾತಾ, ನಿನ್ನ ಕೈ ಮುರಿದವರು ಯಾರೆಂದು ನನಗೆ ಆ ದಿನದಿಂದಲೂ ಗೊತ್ತು. ಅವರನ್ನು ನಿನ್ನ ಮೇಲೆ ಬಿಟ್ಟವಳು ನಾನೇ.

ಇಷ್ಟು ಬರೆಯಲು ಒಂಬತ್ತು ವರ್ಷ ಬೇಕಾಯಿತು. ನಿನಗೆ ಗೊತ್ತಿರುವುದನ್ನೂ ಮತ್ತೆ ಬರೆಯುತ್ತೇನೆ — ಇದನ್ನು ಬೇರೆಯವರೂ ಓದಬೇಕಾಗುತ್ತದೆ.

ನೀನು ಮಂಡ್ಯಕ್ಕೆ ಎಂ.ಎಡ್. ಓದಲು ಬಂದಾಗ, ಮನೆಯಲ್ಲಿ ಮೊದಲಿಗರಾಗಿ ಕಾಲೇಜು ಕಂಡ ಮಕ್ಕಳಿಗೆ ನೆರವಾಗುವ ಸಮಿತಿಗೆ ನಾನು ಮುಖ್ಯಸ್ಥೆ. ಶಿವನಸಮುದ್ರದಲ್ಲಿ ದಿನಗೂಲಿ ಮಾಡುತ್ತಿದ್ದ ನಿನ್ನ ಅಪ್ಪ ನನ್ನ ಕೋಣೆಯ ಬಾಗಿಲಲ್ಲೇ ನಿಂತು, "ನಮ್ ಮಗೀನ ನಿಮ್ ಕೈಗಾಕಿವ್ನಿ ಕಣಮ್ಮ, ನೋಡ್ಕಳಿ" ಎಂದಿದ್ದರು. ನೋಡಿಕೊಂಡೆ. ನಿನಗೆ ಕಂಪ್ಯೂಟರ್ ಕಲಿಸಿದೆ, ನಿನ್ನ ಬರವಣಿಗೆಯನ್ನು ಸಾಲುಸಾಲಾಗಿ ತಿದ್ದಿದೆ. ಅದರಲ್ಲಿ ಸುಳ್ಳಿರಲಿಲ್ಲ — ನಾನು ಬಲ್ಲಂತೆ.

ಶಾಲೆಗಳಲ್ಲಿ ಗುಡಿಸುವ, ತೊಳೆಯುವ ಕೆಲಸ ಯಾವ ಮಕ್ಕಳ ಪಾಲಿಗೆ ಬರುತ್ತದೆ ಎಂಬುದು ನಿನ್ನ ಪ್ರಬಂಧದ ವಿಷಯ; ಮಾರ್ಗದರ್ಶಿ ನಾನೇ. ಮದ್ದೂರಿನ ಹತ್ತಿರದ ನನ್ನ ತವರೂರಿನ ಶಾಲೆಗೆ ಹೋಗು, ನನ್ನ ಹೆಸರು ಹೇಳು, ಯಾರೂ ತಡೆಯುವುದಿಲ್ಲ ಎಂದೆ. ನಮ್ಮೂರಲ್ಲಿ ಅಂಥದ್ದೇನೂ ಸಿಗುವುದಿಲ್ಲ ಎಂದು ನಂಬಿದ್ದೆ.

ಎರಡನೇ ಸಲ ಹೋಗಿ ಬಂದು ನೀನು ಹೇಳಿದೆ: "ಮೇಡಂ, ಕಕ್ಕಸ್ಸು ತೊಳ್ಯಕ್ಕೆ ಒಂದೇ ಕೇರಿ ಮಕ್ಳನ್ನ ಕರೀತಾರೆ. ಆಗಲ್ಲ ಅಂದೋನ್ಗೆ ಶಾಲಾ ಸಮಿತಿ ಅಧ್ಯಕ್ಷರೇ ಬೆಲ್ಟಲ್ಲಿ ವಡ್ದವ್ರೆ. ಬೆನ್ನು ತೋರ್ಸ್ದ. ಎಲ್ಲಾ ಪುಸ್ತಕ್ದಲ್ಲಿ ಬರ್ಕಂಡಿವ್ನಿ."

ಆ ಅಧ್ಯಕ್ಷ ನನ್ನ ತಮ್ಮ ಶಿವಣ್ಣ. ನಿನಗದು ಗೊತ್ತಿರಲಿಲ್ಲ. ನಾನೂ ಹೇಳಲಿಲ್ಲ. "ಒಳ್ಳೆಯ ಕೆಲಸ, ಶನಿವಾರ ಹೋಗಿ ಮುಗಿಸಿಬಿಡು" ಎಂದು ನಿನ್ನನ್ನು ಕಳಿಸಿ, ಬಾಗಿಲು ಹಾಕಿಕೊಂಡು ಅವನಿಗೆ ಫೋನ್ ಮಾಡಿದೆ.

"ಶನಿವಾರ ಬತ್ತಾಳೆ. ಒಸಿ ಎದರ್ಸಿ ಕಳ್ಸು. ಆ ಪುಸ್ತಕ ಅವಳ ಕೈಲಿ ಉಳೀಬಾರ್ದು."

ಇವೇ ನನ್ನ ಮಾತುಗಳು.

ಆ ಶನಿವಾರ ನಾನು ತಮ್ಮನ ಮನೆಯಲ್ಲೇ ಇದ್ದೆ — ಶಾಲೆಯ ಗೋಡೆಗೆ ಎದುರಿನ ಮನೆ. ಅರ್ಧ ದಿನದ ಶಾಲೆ ಬಿಟ್ಟು ಮಕ್ಕಳೆಲ್ಲ ಹೋಗಿದ್ದರು. ನೀನು ಗೇಟು ದಾಟಿ ಹೊರಬಂದೆ. ಮುಖಕ್ಕೆ ಟವೆಲ್ ಸುತ್ತಿಕೊಂಡ ಇಬ್ಬರು ಅಡ್ಡ ಬಂದರು: ಶಿವಣ್ಣ, ಅವನ ಭಾವಮೈದ ರಾಜು. ಚೀಲ ಕೊಡು ಎಂದರು, ನೀನು ಕೊಡಲಿಲ್ಲ. ರಾಜು ನಿನ್ನ ಜಡೆ ಹಿಡಿದು ತಲೆಯನ್ನು ಗೋಡೆಗೆ ಅಪ್ಪಳಿಸಿದ. ನೀನು ಬಿದ್ದೆ. ಬಿದ್ದರೂ ಚೀಲ ಬಿಡಲಿಲ್ಲ. ಶಿವಣ್ಣನ ಕೈಯಲ್ಲಿ ಶಾಲೆಯ ಗಂಟೆ ಬಾರಿಸುವ ಕಬ್ಬಿಣದ ಸರಳಿತ್ತು. ನಿನ್ನ ಮಣಿಕಟ್ಟಿನ ಮೇಲೆ ಬೀಸಿದ. ಆ ಸದ್ದು ನನ್ನ ಕಿಟಕಿಯವರೆಗೆ ಬಂತು. ನೀನು ಹೇಳಿದ್ದೂ ಕೇಳಿಸಿತು: "ಅಣ್ಣಾ, ಪೇಪರ್ ಬುಡ್ರಣ್ಣಾ."

ಅವನು ಅದೇ ಜಾಗಕ್ಕೆ ಇನ್ನೊಂದು ಏಟು ಹಾಕಿದ. ರಾಜು ಹೊಟ್ಟೆಗೆ ಒದೆಯುತ್ತಲೇ ಇದ್ದ, ನೀನು ಸುಮ್ಮನಾದ ಮೇಲೂ. ಆಮೇಲೆ ಚೀಲಕ್ಕೆ ಪೆಟ್ರೋಲು ಸುರಿದು ಬೆಂಕಿ ಹಚ್ಚಿದರು.

ಒಂದು ಸಲ ಕೂಗಿದ್ದರೆ — ಒಂದೇ ಸಲ, "ಶಿವಾ" ಎಂದಿದ್ದರೆ — ಅವನು ನಿಲ್ಲುತ್ತಿದ್ದ. ಕೂಗಲಿಲ್ಲ. ಹೆದರಿಕೆಗೆ ದನಿ ಹೊರಡಲಿಲ್ಲ ಎಂದು ಎಷ್ಟೋ ವರ್ಷ ನನಗೆ ನಾನೇ ಹೇಳಿಕೊಂಡೆ. ಸುಳ್ಳು. ಆ ಕಾಗದ ಸುಡಲಿ ಎಂದೇ ಕಾಯುತ್ತಿದ್ದೆ.

ಅವರು ಹಿತ್ತಲಿನಿಂದ ಒಳಬಂದರು. ತಮ್ಮನಿಗೆ ಕೈ ತೊಳೆಯಲು ನೀರು ಕೊಟ್ಟೆ. ನಂತರ ಆಗ ತಾನೇ ಬಸ್ಸಿಳಿದವಳಂತೆ ನಿನ್ನ ಹತ್ತಿರ ಓಡಿಬಂದೆ. ಮದ್ದೂರಿನ ಆಸ್ಪತ್ರೆಯವರೆಗೂ ಆಟೋದಲ್ಲಿ ನಿನ್ನ ತಲೆ ನನ್ನ ತೊಡೆಯ ಮೇಲಿತ್ತು. ಹೊಡೆದವರ ಮುಖ ಕಾಣಿಸಲಿಲ್ಲ ಎಂದು ನೀನು ಪೊಲೀಸರಿಗೆ ಹೇಳಿದೆ. ನಾನು ಬರುವಾಗ ಅಲ್ಲಿ ಯಾರೂ ಇರಲಿಲ್ಲ ಎಂದು ಬರೆಸಿದೆ. ಅಲ್ಲಿಗೆ ಕೇಸು ಸತ್ತಿತು. ಹಳೆಯದರ ಬದಲು ನಿನ್ನ ಪ್ರಬಂಧಕ್ಕೆ ಪಾಠೋಪಕರಣಗಳ ಬಗ್ಗೆ ಒಂದು ಸಪ್ಪೆ ವಿಷಯ ಕೊಟ್ಟೆ. ಅದನ್ನು ನೀನು ಎಡಗೈಯಲ್ಲಿ ಬರೆದೆ. ಮೊದಲ ಪುಟದಲ್ಲಿ ನನ್ನ ಹೆಸರು ಹಾಕಿ, ನೀನು ನನಗೆ ವಂದನೆ ಬರೆದೆ.

ಹೋದ ತಿಂಗಳು ಮಳವಳ್ಳಿಯಲ್ಲಿ, ನೀನು ಪಾಠ ಹೇಳುವ ಕಾಲೇಜಿಗೆ ನನ್ನನ್ನು ಕರೆಸಿ ಶಾಲು ಹೊದಿಸಿದೆಯಲ್ಲ — ಆ ನೆಟ್ಟಗಾಗದ ಕೈಯಿಂದ — ಆಗಲೂ ತಲೆ ಬಗ್ಗಿಸಿ ಹೊದ್ದುಕೊಂಡೆ. ಸಭೆ ಮುಗಿದ ಮೇಲೆ ನಿನ್ನ ವಿದ್ಯಾರ್ಥಿನಿಯೊಬ್ಬಳು ಬಂದಳು. "ನಾನೂ ಅಳ್ಳಿ ಶಾಲೇಲಿ ಸ್ಟಡಿ ಮಾಡ್ಬೇಕು ಮೇಡಂ. ಎದ್ರಿಕೆ ಆಯ್ತದೆ. ನೀವು ಜೊತೇಲಿದ್ರೆ ಓಯ್ತೀನಿ" ಎಂದಳು. ನಾನು ಬಸ್ಸು ಹತ್ತಿಬಿಟ್ಟೆ.

ಠಾಣೆಗೆ ಹೋಗುತ್ತೇನೆಂದು ನಿನ್ನೆ ತಮ್ಮನಿಗೆ ಹೇಳಿದೆ. ಅವನು ಕಾಫಿ ಲೋಟ ಗೋಡೆಗೆಸೆದು ನನ್ನ ಕುತ್ತಿಗೆಗೆ ಕೈ ಹಾಕಿದ. ಆಮೇಲೆ ಬಿಟ್ಟು, "ನೀನೂ ಒಳಕ್ಕೋಯ್ತೀಯ ಕಣಕ್ಕ" ಎಂದ.

"ಓಯ್ತೀನಿ" ಎಂದೆ.

ಇವತ್ತು ಬೆಳಿಗ್ಗೆ ಮದ್ದೂರು ಠಾಣೆಯಲ್ಲಿ ಎರಡೂ ಹೆಸರು ಬರೆಸಿ, ಮೂರನೆಯದಾಗಿ ನನ್ನದನ್ನೂ ಬರೆಸಿದ್ದೇನೆ. ನಿನ್ನನ್ನು ಕರೆಸುತ್ತಾರೆ. ನನ್ನ ವಯಸ್ಸು ನೋಡಬೇಡ, ನಾನು ತಿದ್ದಿದ ಪುಟಗಳನ್ನು ನೆನೆಯಬೇಡ. ಎಷ್ಟು ನೋವಾಯಿತೆಂದು ಅವತ್ತು ಯಾರೂ ನಿನ್ನನ್ನು ಕೇಳಲಿಲ್ಲ. ಅವರು ಕೇಳಿದರೆ, ಪೂರ್ತಿ ಹೇಳು.