ಕೆರೆದ ಹೆಸರು

ನಮ್ಮ ಇಂಗ್ಲಿಷ್ ಮೇಷ್ಟ್ರ ಬಲಗೈ ಹೆಬ್ಬೆರಳಿನ ಉಗುರು ಹಳದಿಗಟ್ಟಿತ್ತು, ಉಳಿದವಕ್ಕಿಂತ ಉದ್ದವಾಗಿತ್ತು. ನೋಟು, ಅಂಚೆಚೀಟಿ, ಅಂಕಪಟ್ಟಿ, ಯಾವುದನ್ನೂ ಆ ಉಗುರಿನಿಂದ ಸವರದೆ ನಂಬುತ್ತಿರಲಿಲ್ಲ. ಪಾಂಡವಪುರದಲ್ಲಿ ನಮ್ಮ ಮನೆಯ ಹೊರಕೋಣೆಯಲ್ಲೇ ಬಾಡಿಗೆಗಿದ್ದರು. ಅವ್ವ ಕೊಟ್ಟ ಹಾಲಿಗೂ ಒಮ್ಮೆ ಬೆರಳದ್ದಿ ನೋಡಿಯೇ ಕುಡಿಯುತ್ತಿದ್ದರು.

"ಇರೇಸ್ ಅಂದರೆ ಒರೆಸುವುದಲ್ಲ, ಕೆರೆಯುವುದು," ಎಂದು ತರಗತಿಯಲ್ಲಿ ಹೇಳಿದ್ದರು. ಲ್ಯಾಟಿನ್ನಿನಿಂದ ಬಂದ ಮಾತಂತೆ. ಹಿಂದಿನವರು ತೊಗಲಿನ ಹಾಳೆಯ ಮೇಲಿನ ಬರಹವನ್ನು ಚಾಕುವಿನಿಂದ ಕೆರೆದು, ಅದೇ ಜಾಗದಲ್ಲಿ ಬೇರೆ ಬರೆಯುತ್ತಿದ್ದರಂತೆ. "ಕೆರೆದ ಕಡೆ ತಗ್ಗು ಉಳಿಯುತ್ತೆ ಕಣ್ರೋ. ಕಣ್ಣಿಗೆ ಕಾಣದಿದ್ದರೂ ಕೈಗೆ ಸಿಗುತ್ತೆ."

ಒಂದು ಬೆಳಗ್ಗೆ ಬಾವಿಕಟ್ಟೆಯಲ್ಲಿ ಪಕ್ಕದ ಮನೆಯಾಕೆ ಅವ್ವನ ಹಿತ್ತಾಳೆ ಕೊಡವನ್ನು ಹಿಡಿದುಕೊಂಡಳು. ಅಪ್ಪ ಕೆ.ಆರ್. ಪೇಟೆಯಿಂದ ತಂದ ಕೊಡ ಅದು. ತರುವಾಗಲೇ ಅವ್ವನ ಹೆಸರು ಕೊರೆಸಿಕೊಂಡು ತಂದಿದ್ದ.

"ಇದು ನಮ್ಮವ್ವನ್ದು, ಕಳುವಾಗಿದ್ದ ಕೊಡ! ಎಸ್ರು ಕೆರ್ದು ನಿನ್ನೆಸ್ರು ಒಡುಸ್ಕೊಂಡಿದ್ದೀಯೇನೇ, ಕಳ್ಳಿ!"

ಬೀದಿಯೇ ಸೇರಿತು. ಗಲಾಟೆ ಕೇಳಿ ಮೇಷ್ಟ್ರೂ ಹೊರಬಂದರು. ಅವ್ವ, "ಮೇಷ್ಟ್ರೇ, ನೀವೇ ನೋಡ್ಬುಡಿ," ಎಂದಳು.

ಕೊಡ ಮುಟ್ಟುವ ಮೊದಲೇ ಮೇಷ್ಟ್ರು ಆಕೆಯನ್ನು ಕೇಳಿದರು. "ನಿಮ್ಮವ್ವನ ಹೆಸರು ಎಲ್ಲಿತ್ತು? ಕಂಠದಲ್ಲೋ, ಹೊಟ್ಟೆಯಲ್ಲೋ?"

"ಕಂಟದ್ತಾವೇ. ದಿನಾ ಉಣಸೇಣ್ಣಾಕಿ ಉಜ್ಜಿದೋಳು ನಾನು, ಗೊತ್ತಿಲ್ವಾ?"

ಉಗುರು ಕಂಠದ ಸುತ್ತ ನಿಧಾನವಾಗಿ ಹೋಯಿತು. "ಇಲ್ಲಿ ಯಾರೂ ಕೆರೆದಿಲ್ಲ. ನೀವೇ ಮುಟ್ಟಿ ನೋಡಿ."

ಆಕೆ ಮುಟ್ಟಿದಳು, ಮತ್ತೊಮ್ಮೆ ಮುಟ್ಟಿದಳು. "ಅಂಗಾರೆ ನಮ್ದು ಬ್ಯಾರೆ ಇರ್ಬೇಕು ಬುಡಿ," ಎನ್ನುತ್ತ ಹೊರಟುಹೋದಳು. ಜನ ಚದುರಿದರು.

ಅವ್ವನ ಮಾನ ಉಳಿಯಿತು. ಆದರೆ ಉಗುರು ಕೆಳಗಿಳಿದು, ಕೊಡದ ಹೊಟ್ಟೆಯ ಮೇಲಿದ್ದ ಅವ್ವನ ಹೆಸರಿನ ಹತ್ತಿರ ನಿಂತಿತು. ಮುಂದೆ ಹೋಗಿ, ಹಿಂದೆ ಬಂತು. ನಾನೂ ಬೆರಳಿಟ್ಟೆ. ತಗ್ಗಿತ್ತು. ಅಲ್ಲಿ ಮೊದಲು ಬೇರೆ ಯಾರದೋ ಹೆಸರಿತ್ತು. ಅವ್ವನೂ ಮುಟ್ಟಿದಳು. ಆಮೇಲೆ ಅಪ್ಪನ ಕಡೆ ನೋಡಿದಳು.

ಅಪ್ಪ ಬಾವಿಯ ಹಗ್ಗ ಸುತ್ತುತ್ತಿದ್ದ. "ಸಂತೇಲಿ ತಂದಿದ್ದು," ಎಂದ. ಯಾರೂ ಕೇಳಿರಲಿಲ್ಲ.

ಎಲ್ಲವನ್ನೂ ಕೆದಕುತ್ತಿದ್ದ ಮೇಷ್ಟ್ರು ಅಂದು ಕೊಡವನ್ನು ಅವ್ವನ ಕೈಗೆ ಕೊಟ್ಟು, "ಸ್ಕೂಲಿಗೆ ಹೊತ್ತಾಯ್ತು," ಎಂದು ಒಳಗೆ ಹೋದರು. ಮತ್ತೆಂದೂ ಆ ಮಾತೆತ್ತಲಿಲ್ಲ.

ನಾಗಮಂಗಲಕ್ಕೆ ವರ್ಗವಾಗಿ ಹೋದ ಮೇಷ್ಟ್ರು ಮುಂದೆ ಅಲ್ಲೇ ತೀರಿಕೊಂಡರು. ಸುದ್ದಿ ಬಂದಾಗ ಅಪ್ಪ, "ಪುಣ್ಯಾತ್ಮ," ಎಂದು ಕಣ್ಣೊರೆಸಿಕೊಂಡ.

ಅವ್ವ ಅವನನ್ನೇ ನೋಡುತ್ತಿದ್ದಳು. "ಅವ್ರು ಕೇಳ್ನಿಲ್ಲ ಅಂತ ನಾನೂ ಕೇಳ್ನಿಲ್ಲ. ಈಗ ಯೋಳಿ. ಅದ್ಯಾರ ಕೊಡ?"

ಅಪ್ಪ ಎದ್ದು ಅಂಗಿ ತೊಟ್ಟುಕೊಂಡ. "ಮೇಷ್ಟ್ರ ಮಣ್ಣಿಗೋಗ್ಬೇಕು. ಬಸ್ಸು ತಪ್ಪೋಯ್ತದೆ," ಎಂದ.