ಶಹಾಬಾದಿನ ರೇವಲ್ಚಿನ್ನಿ

ಸತ್ತವರು ಬಂದು ಮಾತಾಡಿಸಿದರು ಎಂದು ಯಾರಾದರೂ ಕಥೆ ಶುರು ಮಾಡಿದರೆ ಎದ್ದು ಒಳಗೆ ಹೋಗುತ್ತಿದ್ದವಳು ನಾನು. ಪ್ರಯೋಗಾಲಯದಲ್ಲಿ ಕೆಲಸ ಮಾಡುವವರಿಗೆ ಒಂದು ಸೊಕ್ಕಿರುತ್ತದೆ. ಮೂರು ಸಲ ಮಾಡಿ ಮೂರೂ ಸಲ ಒಂದೇ ಫಲಿತಾಂಶ ಬರದಿದ್ದರೆ ಅದು ನಡೆದೇ ಇಲ್ಲ ಎನ್ನುವ ಸೊಕ್ಕು. ನಾನೀಗ ಹೇಳಹೊರಟಿರುವುದು ಒಂದೇ ಸಲ ನಡೆದದ್ದು. ನೀವು ನಂಬದಿದ್ದರೆ ನನಗೆ ಸಿಟ್ಟಿಲ್ಲ.

ಎರಡು ಸಾವಿರದ ಇಸವಿ ದಾಟಿದ ಮೊದಲ ವರ್ಷಗಳು. ನಾನು ಹೈದರಾಬಾದಿನಲ್ಲಿ ಸಂಶೋಧನೆ ಮಾಡುತ್ತಿದ್ದೆ. ಕರುಳಿನ ಅತಿ ಸಣ್ಣ ರಕ್ತನಾಳಗಳ ಒಳಪದರದ ಜೀವಕೋಶಗಳನ್ನು ತಟ್ಟೆಗಳಲ್ಲಿ ಬೆಳೆಸುವುದು, ಅವಕ್ಕೆ ಬ್ಯಾಕ್ಟೀರಿಯಾದ ವಿಷ ಹಾಕಿ ಉರಿಯೂತ ಎಬ್ಬಿಸುವುದು, ಆಮೇಲೆ ಚೀನಾದವರು ತಲತಲಾಂತರದಿಂದ ಬಳಸುವ ಒಂದು ಬೇರಿನ ಸಾರ ಹಾಕಿ ಅದು ಇಳಿಯುತ್ತದೆಯೇ ಎಂದು ನೋಡುವುದು, ಇದು ನನ್ನ ಕೆಲಸ. ಆ ಬೇರು ನಮ್ಮ ಕಡೆಯ ಯುನಾನಿ ಔಷಧಿ ಅಂಗಡಿಗಳಲ್ಲೂ ಸಿಗುತ್ತದೆ, ರೇವಲ್ಚಿನ್ನಿ ಎಂಬ ಹೆಸರಿನಲ್ಲಿ. ತಟ್ಟೆಯಲ್ಲೇನೋ ಅದು ಕೆಲಸ ಮಾಡುತ್ತಿತ್ತು. ವಿಷ ತಾಗಿ ಒಂದರಿಂದೊಂದು ಬಿಟ್ಟುಕೊಂಡಿದ್ದ ಕೋಶಗಳು ಮತ್ತೆ ಒತ್ತೊತ್ತಾಗಿ ಕೂರುತ್ತಿದ್ದವು.

ಇದನ್ನು ನಾನು ರಜೆಗೆಂದು ಊರಿಗೆ ಹೋದಾಗ ಚಿತ್ತಾಪುರದ ಮನೆಯಲ್ಲಿ ಬಾಯಿಬಿಡಬಾರದಿತ್ತು. ನಮ್ಮ ಅತ್ಯಾ, ಅಂದರೆ ಅಪ್ಪನ ಅಕ್ಕ, ಕರುಳಿನ ಉರಿಯೂತದಿಂದಲೇ ವರ್ಷಗಟ್ಟಲೆ ನರಳುತ್ತಿದ್ದಳು. ಹೊಟ್ಟೆ ಹಿಂಡುವ ನೋವು, ರಕ್ತ ಹೋಗುವುದು. ತಾಯಿಯಿಲ್ಲದ ನನ್ನನ್ನು ಸಾಕಿದವಳು ಅವಳೇ. ಚಿಕ್ಕ ವಯಸ್ಸಿಗೇ ಗಂಡನನ್ನು ಕಳೆದುಕೊಂಡು ತವರಿಗೆ ಬಂದು ವಿಧವೆಯರ ಕೆಂಪು ಸೀರೆಯುಟ್ಟವಳಿಗೆ ಮಡಿಯೆಂದರೆ ಮಡಿ. ಹೊರಗಿಂದ ತಂದ ಯಾವ ಪದಾರ್ಥವನ್ನೂ ತೊಳೆದು ಬಿಸಿಲಿಗೆ ಹಾಕದೆ ಒಳಗೆ ಸೇರಿಸುತ್ತಿರಲಿಲ್ಲ. ಒಮ್ಮೆ ಸಕ್ಕರೆಯನ್ನೇ ತೊಳೆಯಲು ಹೋಗಿದ್ದಳೆಂದು ಅಪ್ಪ ಬಂದವರಿಗೆಲ್ಲ ಹೇಳಿ ನಗುತ್ತಿದ್ದರು. ನಾನು ಕೈಗೆ ಸ್ಪಿರಿಟ್ ಹಚ್ಚಿಕೊಂಡು, ಕೈಗವಸು ತೊಟ್ಟು, ತಟ್ಟೆಗಳ ಮೇಲೆ ಉಸಿರೂ ಬೀಳದಂತೆ ಕೆಲಸ ಮಾಡುತ್ತೇನೆಂದಾಗ ಅವಳಿಗೆ ಭಾರೀ ಖುಷಿಯಾಗಿತ್ತು. "ಹಂಗಾದ್ರ ನಿಂದೂ ಮಡೀನೇ ಅದ ಬಿಡವಾ," ಅಂದಿದ್ದಳು.

ಅದೇ ರಜೆಯಲ್ಲಿ ಒಂದು ದಿನ ಮೆಲ್ಲಗೆ ಕೇಳಿದಳು. "ಆ ಬೇರು ನನಗೂ ಒಂದೀಟು ತಂದುಕೊಡ್ತೀ ಏನು?"

ನಾನು ದೊಡ್ಡ ವಿದುಷಿಯ ಹಾಗೆ ಉಪದೇಶ ಮಾಡಿದೆ. ತಟ್ಟೆಯಲ್ಲಿ ಆದದ್ದು ಮನುಷ್ಯರಲ್ಲಿ ಆಗಬೇಕೆಂದಿಲ್ಲ, ಅದು ಭೇದಿಯ ಬೇರು, ಹುಣ್ಣಾದ ಕರುಳಿಗೆ ಕೆಡುಕೇ ಆದೀತು, ಡಾಕ್ಟರು ಕೊಟ್ಟದ್ದನ್ನು ತೆಗೆದುಕೋ. ಹೇಳಿದ್ದರಲ್ಲಿ ಒಂದೂ ಸುಳ್ಳಿರಲಿಲ್ಲ. ಆದರೆ ಹೇಳುವಾಗ ನಕ್ಕುಬಿಟ್ಟಿದ್ದೆ. ಅವಳು ಮತ್ತೆ ಆ ಮಾತೆತ್ತಲಿಲ್ಲ. ಮುಂದಿನ ವರ್ಷದ ಮಳೆಗಾಲದಲ್ಲಿ ತೀರಿಕೊಂಡಳು, ನಾನು ಊರು ಮುಟ್ಟುವಷ್ಟರಲ್ಲಿ ಎಲ್ಲ ಮುಗಿದಿತ್ತು. ತಪ್ಪಾಯಿತು ಅತ್ಯಾ ಅನ್ನಲು ಅವಳೇ ಉಳಿದಿರಲಿಲ್ಲ.

ಅದಾಗಿ ಎರಡು ವರ್ಷದ ಮೇಲೆ ಚಳಿಗಾಲದಲ್ಲಿ ಊರಿಗೆ ಬಂದಿದ್ದೆ. ಇಲ್ಲಿನ ಬೇರನ್ನೂ ಚೀನಾದ ಬೇರನ್ನೂ ಹೋಲಿಸಿ ನೋಡೋಣವೆಂದು ಒಂದು ಬೆಳಿಗ್ಗೆ ಹಲ್ಲುಜ್ಜುವಾಗ ಹೊಳೆಯಿತು. ಶಹಾಬಾದಿನಲ್ಲಿ ಹಳೆಯ ಯುನಾನಿ ಅಂಗಡಿ ಇದೆಯೆಂದು ಎಲ್ಲೋ ಕೇಳಿದ್ದೆ. ಎಲ್ಲಿಗೆ ಹೋಗುತ್ತೇನೆಂದು ಮನೆಯಲ್ಲೂ ಹೇಳದೆ ಹೊರಟೆ.

ಬಜಾರಿನಲ್ಲಿ ಕೇಳುತ್ತ ಕೇಳುತ್ತ ಅಂಗಡಿ ಮುಟ್ಟಿದಾಗ ಮಧ್ಯಾಹ್ನ ಹನ್ನೆರಡು. ಗಲ್ಲಾಪೆಟ್ಟಿಗೆಯ ಹಿಂದೆ ಬಿಳಿ ಗಡ್ಡದ ಸಾಹೇಬರೊಬ್ಬರು ಕೂತಿದ್ದರು. ಅವರನ್ನು ನಾನು ಹಿಂದೆಂದೂ ಕಂಡಿರಲಿಲ್ಲ. ನಾನು ಬಾಯಿ ತೆರೆಯುವ ಮೊದಲೇ, "ಬರ್ರಿ, ಕುಂದ್ರಿ. ರೇವಲ್ಚಿನ್ನಿ ಅಲಾ?" ಎಂದು ಕಾಗದದ ಪೊಟ್ಟಣವೊಂದನ್ನು ಮುಂದಿಟ್ಟರು.

ಯಾರು ಹೇಳಿದರೆಂದು ಕೇಳಿದೆ.

"ಚಿತ್ತಾಪುರದ ಅಮ್ಮಾವ್ರು. ಕೆಂಪು ಸೀರಿಯವ್ರು, ಭಾಳ ಮಡಿ. ತಮ್ಮನ ಮಗಳು ಬರ್ತಾಳ, ಆಕಿಗಿ ಕೊಡ್ರಿ ಅಂತ ಈಗ ಹೇಳಿ ಹೋದ್ರು. ಮೊದಲೆಲ್ಲಾ ತಿಂಗಳಿಗೊಮ್ಮಿ ಬರ್ತಿದ್ರು. ಮೆಟ್ಟಿಲ ಹತ್ತತಿದ್ದಿಲ್ಲ, ಹೊರಗ ನಿಂತು ಸೆರಗಿನ್ಯಾಗ ಹಾಕಿಸ್ಕೋತಿದ್ರು. ನಡುವ ಒಂದೆರಡು ವರ್ಷ ಕಂಡಿದ್ದಿಲ್ಲ."

ನಾನು ಕೊಡುವುದಿಲ್ಲವೆಂದ ಬೇರನ್ನು ಅವಳು ಗುಟ್ಟಾಗಿ ಇಲ್ಲಿಂದ ಒಯ್ಯುತ್ತಿದ್ದಳು. ಅದು ಅವಳಿಗೆ ಹಿತ ಕೊಟ್ಟಿತ್ತೋ, ಇದ್ದ ಆಯುಷ್ಯವನ್ನೂ ಕತ್ತರಿಸಿತೋ? ಅಥವಾ ಮಡಿಗೆಂದು ತೊಳೆದು ತೊಳೆದು ಅದರ ಸಾರವನ್ನೆಲ್ಲ ಬಚ್ಚಲಿಗೆ ಬಿಟ್ಟಳೋ? ಅವಳು ಸತ್ತು ಎರಡು ವರ್ಷವಾಯಿತೆಂದು ನಾನು ಹೇಳಲಿಲ್ಲ. ಹೊಟ್ಟೆನೋವಿನ ಬಗ್ಗೆ ಏನಾದರೂ ಅಂದರೇ ಎಂದಷ್ಟೇ ಕೇಳಿದೆ.

"ಈಗ ಒಂಚೂರೂ ಇಲ್ಲಂತ. ನಿಮಗ ಹೇಳ್ರಿ ಅಂದ್ರು."

ಮನೆಗೆ ಬಂದು ಪೊಟ್ಟಣ ಬಿಚ್ಚಿದೆ. ಬೇರಿನ ತುಂಡುಗಳನ್ನು ಯಾರೋ ತೊಳೆದಿದ್ದರು, ಇನ್ನೂ ತುಸು ಹಸಿಯಿದ್ದವು. ಯಾವ ಅಂಗಡಿಯವರೂ ಬೇರು ತೊಳೆದು ಮಾರುವುದಿಲ್ಲ. ಅಪ್ಪನನ್ನು ಕೇಳಿದರೆ, ಅತ್ಯಾ ತಿಂಗಳಿಗೊಮ್ಮೆ ಶಹಾಬಾದಿನ ಸಂಬಂಧಿಕರ ಮನೆಗೆ ಭಜನೆಗೆ ಹೋಗುತ್ತಿದ್ದದ್ದು ನಿಜ, ಅಂಗಡಿಯ ವಿಷಯ ತಮಗೆ ಗೊತ್ತೇ ಇಲ್ಲ ಎಂದರು.

ಇದಕ್ಕೆ ಕಾರಣಗಳನ್ನು ನಾನೂ ಹುಡುಕಿದ್ದೇನೆ. ನನ್ನ ಮುಖ ಅತ್ಯಾಳದೇ ಅಚ್ಚು, ಸಾಹೇಬರು ಗುರುತು ಹಿಡಿದಿರಬಹುದು. ಎಂದೋ ಅವಳಾಡಿದ ಮಾತು ಮುಪ್ಪಿನ ಮರೆವಿನಲ್ಲಿ ಇಂದಿನದಾಗಿ ಕಂಡಿರಬಹುದು. ಮಳೆ ಸೋರಿ ಬೇರು ನೆನೆದಿರಬಹುದು ಎಂದೂ ಅಂದುಕೊಂಡೆ, ಆದರೆ ಅದು ಡಿಸೆಂಬರ್. ಆ ಬೇರನ್ನು ತಟ್ಟೆಗೆ ಹಾಕಿ ಪರೀಕ್ಷಿಸುವ ಧೈರ್ಯ ನನಗೆ ಬರಲಿಲ್ಲ. ಮರುವರ್ಷ ಹೋದಾಗ ಅಂಗಡಿ ಮುಚ್ಚಿತ್ತು, ಸಾಹೇಬರು ತೀರಿಕೊಂಡರೆಂದು ಪಕ್ಕದವರು ಹೇಳಿದರು.

ಇಷ್ಟನ್ನು ಹೇಗೋ ಬದಿಗಿಡಬಲ್ಲೆ. ಬದಿಗಿಡಲಾಗದ್ದು ನಾನು ಅಂಗಡಿಯಿಂದ ಏಳುವಾಗ ಸಾಹೇಬರು ಅಂದ ಮಾತು. "ಭಾಳ ಹೊತ್ತು ನಿಂತಿದ್ರು, ಸ್ಟೇಷನ್ ದಾರೀನೇ ನೋಡ್ಕೋತ. ನೀವು ತಡಾ ಮಾಡಿದ್ರಿ."

ಅಂದು ಹೋಗುವ ದಾರಿಯಲ್ಲಿ, ವಾಡಿ ಜಂಕ್ಷನ್ನಿನಲ್ಲಿ ರೈಲು ಬದಲಿಸುವಾಗ ಶಾಲೆಯ ಗೆಳತಿಯೊಬ್ಬಳು ಸಿಕ್ಕಿದ್ದಳು. ಚಹಾ ಕುಡಿಯುತ್ತ ಹರಟೆಗೆ ಕೂತು, ಶಹಾಬಾದಿನ ಗಾಡಿ ಕಣ್ಣೆದುರೇ ಹೊರಟರೂ ಎದ್ದಿರಲಿಲ್ಲ. ಮುಂದಿನದು ಒಂದೂವರೆ ಗಂಟೆಯ ನಂತರ ಬಂತು. ಸತ್ತವರು ಬರುವುದಿಲ್ಲ ಎಂದು ನಾನು ಇವತ್ತೂ ಹೇಳುತ್ತೇನೆ. ಹೇಳುತ್ತಲೇ, ಆ ಮೊದಲ ಗಾಡಿ ಹತ್ತಬೇಕಿತ್ತು ಎಂದು ಅಳುತ್ತೇನೆ.